ನೀರಿನ ಟ್ಯೂಬು

ಬಸ್ ನಿಲ್ದಾಣದ ಬೆಂಚಿನಲ್ಲಿ ನನ್ನ ಪಕ್ಕ ಇಬ್ಬರು ಹೆಂಗಸರು ಕೂತಿದ್ದರು. ಇಬ್ಬರ ಕೊರಳಲ್ಲೂ ಒಂದೇ ಡಿಎನ್‌ಎ ಪರೀಕ್ಷಾ ಲ್ಯಾಬಿನ ಗುರುತಿನ ಚೀಟಿ ಇತ್ತು. ಚಿಕ್ಕವಳು ಬ್ಯಾಗಿನ ಜಿಪ್ಪನ್ನು ಸುಮ್ಮನೆ ತೆಗೆಯುತ್ತ, ಮುಚ್ಚುತ್ತ ಇದ್ದಳು.

"ನೀರಿನ ಟ್ಯೂಬಲ್ಲೂ ಗೆರೆ ಬಂದಿತ್ತಾ ಅಕ್ಕಾ?"

"ಬಂದಿತ್ತು. ಇವತ್ತು ಮಧ್ಯಾಹ್ನ ಆ ಟೆಸ್ಟಿನ ಕತ್ತರಿಸದ ಫೋಟೋ ಹುಡುಕಿ ನೋಡಿದೆ."

"ಅದಕ್ಕೆ ಬರೀ ನೀರಲ್ವಾ ಹಾಕೋದು? ಯಾರ ಡಿಎನ್‌ಎನೂ ಇರಲ್ಲ."

"ಇಡೋದೇ ಅದಕ್ಕೆ ಕಣೇ. ನೀರಲ್ಲೇ ರೋಗದ ಗೆರೆ ಕಾಣಿಸ್ತು ಅಂದ್ರೆ ಒಂದು ಟ್ಯೂಬಿಂದು ಇನ್ನೊಂದಕ್ಕೆ ಸೇರಿದೆ ಅಂತ. ಅವತ್ತಿನ ಯಾವ ಟೆಸ್ಟನ್ನೂ ನಂಬೋ ಹಾಗಿಲ್ಲ."

"ಫೋಟೋ ರಿಪೋರ್ಟ್ ಹಾಳೇಲಿ ಹಿಡೀಲಿಲ್ಲ. ನೀರಿಂದು ತಾನೇ ಅಂತ ಆ ತುದಿ ನಾನೇ ಕತ್ತರಿಸಿಬಿಟ್ಟೆ."

"ನಾನೂ ಕೇಳದೆ ಸಹಿ ಹಾಕಿದೆ."

ಚಿಕ್ಕವಳು ಜಿಪ್ಪನ್ನು ತುದಿವರೆಗೂ ಎಳೆದು ಮುಚ್ಚಿದಳು.

"ಅವತ್ತು ಟೆಸ್ಟ್ ಮಾಡಿಸಿದ್ದ ಆ ಐದು ತಿಂಗಳ ಬಸುರಿಗೆ ಫೋನ್ ಮಾಡಿದ್ರಾ?"

"ಮಾಡಿದೆ. ಗಂಡ ಎತ್ತಿದ್ರು. ಮಗುಗೆ ರೋಗ ಇದೆ ಅಂತ ಬರೆದುಕೊಟ್ಟಿದ್ವಲ್ಲ, ನಿನ್ನೆನೇ ಗರ್ಭ ತೆಗೆಸಿದ್ರಂತೆ."

"ಬೈದ್ರಾ?"

"ಬೈದಿದ್ರೆ ಎಷ್ಟೋ ವಾಸಿ. ಲ್ಯಾಬಿಂದ ಅಂದ ತಕ್ಷಣ, ನಿಮ್ಮಿಂದ ದೊಡ್ಡ ಉಪಕಾರ ಆಯ್ತಮ್ಮಾ, ಮಗು ಹುಟ್ಟಿ ನರಳೋದು ತಪ್ತು ಅಂದ್ರು."

"ನೀವೇನಂದ್ರಿ?"

ಬಸ್ ಬಂತು. ಹಿರಿಯವಳು ಎದ್ದು ಸೆರಗು ಸರಿಮಾಡಿಕೊಂಡಳು.

"ಹೆಂಡ್ತೀನ ಚೆನ್ನಾಗಿ ನೋಡ್ಕೊಳ್ಳಿ ಅಂದೆ, ಅಷ್ಟೇ."

ಇಬ್ಬರೂ ಬಸ್ ಹತ್ತಿದರು.