ಲಿಯೊನಾರ್ಡ್ ಬರೆಯದೆ ಬಿಟ್ಟ ಸಂದು

ಆ ಕಿಟಕಿ ಭದ್ರವಾಗಿ ಹಾಕಿ ಬನ್ನಿ. ನಡುವೆ ಎದ್ದು ಹೋಗುವವರು ಈಗಲೇ ಹೋಗಿಬಿಡಿ... ಆಮೇಲೆ ಮೆಟ್ಟಿಲು ಹತ್ತೋಕೆ ಜೊತೆ ಬೇಕು ಅಂದರೆ ನಾನಂತೂ ಬರುವವಳಲ್ಲ.

ಇದು ಕಟ್ಟಿದ ಕತೆಯಲ್ಲ. ನನ್ನ ಚಿಕ್ಕಪ್ಪನ ಮಗ ಲಿಯೊನಾರ್ಡ್‌ಗೆ ಆದದ್ದು, ಅವನ ಹೆಂಡತಿ ಫೀಬಿಯ ಬಾಯಿಂದಲೇ ನಾನು ಕೇಳಿದ್ದು. ಲಿಯೊನಾರ್ಡ್ ಜಲವರ್ಣದ ಚಿತ್ರ ಬರೆಯುವವನು. ಬೇಸಿಗೆ ಬಂತೆಂದರೆ ಲಂಡನ್ ಬಿಟ್ಟು ಬೆಟ್ಟ, ಹೊಳೆ, ಪಾಳುಬಿದ್ದ ಮಠ ಅಂತ ಹುಡುಕಿಕೊಂಡು ಹೊರಡುವ ಪೈಕಿ. ಮಳೆ ಬಂದರೆ ಕಾಗದ ಹಾಳಾಯಿತು ಅಂತ ಗೊಣಗುತ್ತಾನೆ, ಬಾರದಿದ್ದರೆ ಒಂದು ಮೋಡವೂ ಇಲ್ಲ ಅಂತ ಗೊಣಗುತ್ತಾನೆ. ಆ ವರ್ಷ ಯಾರ್ಕ್‌ಶೈರಿನ ಸ್ವೇಲ್ ಕಣಿವೆಗೆ ಹೋದ. ಜೊತೆಗೆ ಫೀಬಿ, ಮತ್ತೆ ಮೊಲೆ ಕುಡಿಯುವ ಕೂಸು ನೆಡ್. ಇಳಿದುಕೊಂಡದ್ದು ಊರಂಚಿನಲ್ಲಿ, ಮಿಸೆಸ್ ಮೆಟ್ಕಾಫ್ ಎಂಬ ವಿಧವೆಯ ಮನೆಯ ಮಹಡಿಯಲ್ಲಿ.

ಒಂದು ದಿನ ಸಂಜೆ ಕೂಸಿಗೆ ಹಾಲು ಕೊಟ್ಟು ಮಲಗಿಸಿದ್ದಳು ಫೀಬಿ. ಲಿಯೊನಾರ್ಡ್ ಅವಳನ್ನೂ ಎಬ್ಬಿಸಿಕೊಂಡು ಹೊರಟ. "ಮೇಲಿನ ಹುಲ್ಲುಗಾವಲಿಗೆ ಬೆಳಕು ಬಿದ್ದಿದೆ ನೋಡು. ಮಗು ಏಳೋದ್ರೊಳಗೆ ಬಂದುಬಿಡೋಣ." ಕೂಸನ್ನು ಮಿಸೆಸ್ ಮೆಟ್ಕಾಫ್ ನೋಡಿಕೊಳ್ಳುತ್ತೇನೆ ಅಂದಳು.

ಆ ಹುಲ್ಲುಗಾವಲಿನ ಸುತ್ತ ಗಾರೆಯಿಲ್ಲದೆ ಕಲ್ಲು ಪೇರಿಸಿದ ಗೋಡೆ. ಒಳಗೆ ಬರಲು ಗೋಡೆಯಲ್ಲಿ ಒಂದೇ ಒಂದು ಸಂದು. ಮನುಷ್ಯರು ಮೈ ಓರೆ ಮಾಡಿ ನುಗ್ಗಬೇಕು, ಕುರಿ ದಾಟಲಾರದು. ನಡುವೆ ಹಳೆಯ ಬಾವಿ. ಆ ಕಡೆಯವರು ಅದರ ನೀರನ್ನು ಕುರಿಗೂ ಕುಡಿಸುವುದಿಲ್ಲ. ಯಾಕೆ ಅಂದರೆ ಮಾತು ಬದಲಾಯಿಸುತ್ತಾರೆ. ಲಿಯೊನಾರ್ಡ್ ಬಣ್ಣ ಕಲಸಲು ಸೀಸೆಯಲ್ಲಿ ತಂದಿದ್ದ ನೀರನ್ನು ಕಾಲು ತಾಗಿಸಿ ಚೆಲ್ಲಿಕೊಂಡ. ಸರಿ, ಆ ಬಾವಿಯಿಂದಲೇ ತುಂಬಿಕೊಂಡ. ಸೀಸೆ ಮುಳುಗಿದಾಗ 'ಗುಳುಕ್' ಅಂತ ಒಂದು ಸದ್ದು. ಆಮೇಲೆ, ಸೀಸೆ ಮೇಲೆ ಬಂದು ಎಷ್ಟೋ ಹೊತ್ತಿಗೆ, ಇನ್ನೊಂದು 'ಗುಳುಕ್'...

ಈ ಚಿತ್ರದವರಿಗೆ ಒಂದು ಶಾಸ್ತ್ರವಿದೆ. ನೋಡುವವರ ಕಣ್ಣು ಚಿತ್ರದೊಳಗೆ ಹೋಗಬೇಕಂತೆ, ಹೊರಗೆ ಜಾರಬಾರದಂತೆ. ಅಂಚಿನಲ್ಲಿ ದಾರಿ ಕಂಡರೆ ಅಲ್ಲೊಂದು ಮರ ನೆಡುತ್ತಾರೆ, ಬಂಡೆ ತಂದಿಡುತ್ತಾರೆ. ದೇವರು ಇಟ್ಟದ್ದನ್ನು ಎತ್ತಿಡಲು ಇವರಿಗೆ ಒಂದಿಷ್ಟೂ ಸಂಕೋಚವಿಲ್ಲ.

ಲಿಯೊನಾರ್ಡ್ ಬರೆಯುತ್ತಿದ್ದ ಚಿತ್ರವನ್ನು ಫೀಬಿ ಬಗ್ಗಿ ನೋಡಿದಳು. "ರೀ, ನಾವು ಬಂದ ಸಂದೇ ಇಲ್ವಲ್ಲ ಇಲ್ಲಿ?"

"ಬರೀಲಿಲ್ಲ. ಕಣ್ಣು ಅಲ್ಲಿಂದ ಓಡಿಹೋಗುತ್ತೆ. ಗೋಡೆ ಕೂಡಿಸಿಬಿಟ್ಟೆ."

"ಕುರಿ ಕಾಯೋನಿಗೆ ಮಾತ್ರ ತೋರಿಸ್ಬೇಡಿ. ಬಿದ್ದು ಬಿದ್ದು ನಗ್ತಾನೆ."

ಕೊನೆಯಲ್ಲಿ ಬಾವಿಯ ಪಕ್ಕ ಒಂದು ಕೆಂಪು ಚುಕ್ಕೆ ಇಟ್ಟ, ಕೆಳಗೆ ಒಂದು ಕಂದು ಗೀಟು. ಅದು ಶಾಲು ಹೊದ್ದ ಫೀಬಿ. ಅಷ್ಟು ದೊಡ್ಡ ಬಯಲಿಗೆ ಒಂದು ಮನುಷ್ಯಾಕೃತಿ ಇರದಿದ್ದರೆ ಅಳತೆ ತಿಳಿಯುವುದಿಲ್ಲ ಅಂತ ಅದೂ ಒಂದು ಪದ್ಧತಿ.

"ನನ್ನ ಮುಖ ಎಲ್ಲಿ?"

"ಜೋಳದ ಕಾಳಿನಷ್ಟಿದ್ದೀಯ, ಅದಕ್ಕೊಂದು ಮುಖ ಬೇರೆ!"

ನಗುತ್ತಲೇ ಸಾಮಾನು ಕಟ್ಟಿ ಹೊರಟರು. ಬೆಳಕು ಇಳಿಯುತ್ತಿತ್ತು. ಬಾವಿ ದಾಟಿದರು. ಗೋಡೆಯವರೆಗೆ ಬಂದರು. ಸಂದು ಇರಲಿಲ್ಲ.

"ಇನ್ನೂ ಆ ಕಡೆ ಇರ್ಬೇಕು," ಅಂದ ಲಿಯೊನಾರ್ಡ್. ಗೋಡೆಗೆ ಕೈ ಹಚ್ಚಿಕೊಂಡೇ ನಡೆದರು. ಕಲ್ಲು... ಕಲ್ಲು... ಕಲ್ಲು. ಎಲ್ಲೂ ಕೈ ಒಳಗೆ ಹೋಗಲಿಲ್ಲ. ತಲೆಯೆತ್ತಿ ನೋಡಿದರೆ ಹೊರಟ ಜಾಗದಲ್ಲೇ ಇದ್ದರು.

ಅವನು ಗೋಡೆ ಹತ್ತಿ ಆ ಕಡೆ ಹಾರಿದ. 'ದೊಪ್ಪ್' ಅಂತ ಹುಲ್ಲಿನ ಮೇಲೆ ಬಿದ್ದ. ಎದ್ದು ನೋಡುತ್ತಾನೆ... ಎದುರಿಗೆ ಅದೇ ಬಾವಿ, ಅದರ ಆಚೆ ಫೀಬಿ. ಅವಳಿಗೆ ಬೆನ್ನು ತಣ್ಣಗಾಯಿತಂತೆ. ಕಣ್ಣೆದುರಿಗೇ ಗೋಡೆ ಹಾರಿದ ಗಂಡ ಹಿಂದಿನಿಂದ ನಡೆದು ಬಂದರೆ ಯಾರಿಗೆ ತಾನೆ ಆಗುವುದಿಲ್ಲ?

ಆಗ ಕೆಳಗಿನ ಮನೆಯಿಂದ ಕೂಸಿನ ಅಳು ಕೇಳಿತು.

ಮೊದಲು ಸಣ್ಣಗೆ, 'ಙೆ... ಙೆ...' ಆಮೇಲೆ ಗಂಟಲು ಹರಿಯುವ ಹಾಗೆ. ಮನೆಯ ಸೂರು ಗೋಡೆಯ ಮೇಲಿಂದ ಕಾಣುತ್ತಿದೆ, ಕೂಗಿದರೆ ಕೇಳುವಷ್ಟು ಹತ್ತಿರ. ಹೋಗುವ ದಾರಿಯೇ ಇಲ್ಲ. ಫೀಬಿಯ ಎದೆ ತುಂಬಿ ಬಂತು, ರವಿಕೆ ಒದ್ದೆಯಾಯಿತು. ಹೆತ್ತವರಿಗೆ ಗೊತ್ತು ಆ ಸಂಕಟ. ಅವಳು ಬರಿಗೈಯಲ್ಲಿ ಕಲ್ಲು ಕೀಳಲು ಹೋದಳು. ಒಂದೂ ಮಿಸುಕಲಿಲ್ಲ, ಉಗುರು ಮುರಿಯಿತು ಅಷ್ಟೆ.

"ರೀ..." ಅಂದಳು ಪಿಸುದನಿಯಲ್ಲಿ. "ಚಿತ್ರ ತೆಗೀರಿ."

"ಚಿತ್ರ ಯಾಕೆ ಈಗ?"

"ಸಂದು ಮುಚ್ಚಿದ್ದು ನೀವಲ್ವಾ? ತೆಗೀರಿ ಅಂದೆ!"

ಚಿತ್ರದ ಕಾಗದ ಅಂಟಿಸಿದ್ದ ಹಲಗೆಯ ಕಟ್ಟು ಬಿಚ್ಚಿದ. ಬಣ್ಣ ಇನ್ನೂ ಹಸಿಯಾಗಿಯೇ ಇತ್ತು. ಬೇಸಿಗೆಯ ಗಾಳಿಗೆ ಯಾವಾಗಲೋ ಆರಬೇಕಿತ್ತು. ಚಿತ್ರದವರು ಬಣ್ಣದ ಮೇಲೆ ಬೆಳಕು ತೋರಿಸಬೇಕಾದರೆ ಪುಟ್ಟ ಚಾಕುವಿನಿಂದ ಕಾಗದವನ್ನೇ ಕೆರೆಯುತ್ತಾರೆ. ಅವನೂ ಚಾಕು ತೆಗೆದು ಗೋಡೆಯ ಮೇಲೆ ಸಣ್ಣಗೆ ಕೆರೆದ. 'ಕರ್... ಕರ್...' ಕಾಗದ ನೂಲುನೂಲಾಗಿ ಎದ್ದು ಬಂತು. ಮುಖಕ್ಕೆ ತಣ್ಣನೆ ಗಾಳಿ ಬಡಿಯಿತು. ನೋಡುತ್ತಾರೆ, ಸಂದು!

ಅವನು ಓರೆಯಾಗಿ ನುಗ್ಗಿ ಆಚೆ ನಿಂತ. ಈ ಸಲ ನಿಜವಾಗಿಯೂ ಆಚೆಯೇ. ಕಾಲ ಕೆಳಗೆ ಮನೆಯ ದಾರಿ. ಹಲಗೆ ಕಂಕುಳಲ್ಲಿಟ್ಟು ಕೈ ಚಾಚಿದ. "ಬಾ ಬೇಗ."

ಫೀಬಿ ನಡೆದಳು. ಹುಲ್ಲು 'ಸರ್ ಸರ್' ಅನ್ನುತ್ತಿತ್ತು, ಕಾಲು ಎತ್ತಿ ಎತ್ತಿ ಇಡುತ್ತಿದ್ದಳು... ಆದರೆ ಗೋಡೆಯ ಬಳಿಯಿಂದ ಹೊರಟವಳು ನೋಡಿದರೆ ಬಾವಿಯ ಪಕ್ಕದಲ್ಲಿದ್ದಳು. ಓಡಿದಳು. ಏದುಸಿರು ಬಂತು. ಬಾವಿಯ ಪಕ್ಕದಲ್ಲೇ.

"ನನ್ನನ್ನೂ ಬರೆದ್ರಲ್ಲ ಅದ್ರಲ್ಲಿ," ಅಂದಳು ಅಲ್ಲಿಂದಲೇ. "ಒರೆಸಿಬಿಡಿ."

"ಹುಚ್ಚಾ ನಿಂಗೆ? ಒರೆಸಿದ್ರೆ ನೀನೇ... ನೀನೇ ಇಲ್ಲದ ಹಾಗಾದ್ರೆ?"

"ಇಲ್ಲಿದ್ದೂ ಏನ್ ಪ್ರಯೋಜನ? ಮಗು ಅಳ್ತಿದೆ ರೀ."

ಅವನು ಅತ್ತ. ನನ್ನ ತಮ್ಮ ಅಂತ ಹೇಳುತ್ತಿಲ್ಲ, ಅವನು ಹೆಂಡತಿಯನ್ನು ಜೀವಕ್ಕಿಂತ ಹೆಚ್ಚು ಪ್ರೀತಿಸುವವನು. ಸೀಸೆಯಲ್ಲಿ ಉಳಿದಿದ್ದ ನೀರಿಗೆ ಸ್ಪಂಜು ಅದ್ದಿದ. ಕಣ್ಣು ಮುಚ್ಚಿದ. ಆ ಕೆಂಪು ಚುಕ್ಕೆಯ ಮೇಲೆ ಒತ್ತಿ, ಎತ್ತಿದ. ಮತ್ತೆ ಒತ್ತಿದ... ಎತ್ತಿದ...

ಕೂಸಿನ ಅಳು ಥಟ್ಟನೆ ನಿಂತಿತು. ತಾನಾಗಿ ತಗ್ಗಿದ್ದಲ್ಲ, ಬಾಯಿ ಮುಚ್ಚಿದ ಹಾಗೆ ನಿಂತದ್ದು.

ಅವನ ತೋಳನ್ನು ಯಾರೋ ಹಿಡಿದರು. ಕಣ್ಣು ಬಿಟ್ಟರೆ ಫೀಬಿ. ಬೆವರು, ಬಿಸಿ ಉಸಿರು, ಮುರಿದ ಉಗುರು ಎಲ್ಲ ಸಮೇತ ಅವಳೇ. "ಮಗು ಯಾಕೆ ಸುಮ್ಮನಾಯ್ತು?" ಅಂದಳು. ಇಬ್ಬರೂ ಹಲಗೆ ಅಲ್ಲೇ ಬಿಸಾಡಿ ಇಳಿಜಾರಿನಲ್ಲಿ ಎದ್ದೆನೋ ಬಿದ್ದೆನೋ ಅಂತ ಓಡಿದರು.

ಬಾಗಿಲಲ್ಲಿ ಮಿಸೆಸ್ ಮೆಟ್ಕಾಫ್ ಮೇಣದ ಬತ್ತಿ ಹಿಡಿದು ನಿಂತಿದ್ದಳು. ಫೀಬಿಯನ್ನು ನೋಡಿ ಬತ್ತಿಯನ್ನು ಅವಳ ಮುಖದ ಹತ್ತಿರ ತಂದಳು.

"ಅಮ್ಮಾವ್ರೇ... ಮತ್ತೆ ಯಾವಾಗ ಹೊರಗೆ ಹೋದ್ರಿ?"

"ಮತ್ತೆ ಎಲ್ಲಿ? ಸಂಜೆ ಹೋದವಳು ಈಗ ಬರ್ತಿದ್ದೀನಿ."

"ಈಗ ತಾನೇ ಮೇಲೆ ಹತ್ತಿ ಹೋದ್ರಲ್ಲ... ನಾನು ಮಾತಾಡಿಸಿದ್ರೂ ತಿರುಗ್ಲಿಲ್ಲ, ಮುಖಾನೇ ಕಾಣ್ಲಿಲ್ಲ. ಮಗು ಅಳ್ತಿತ್ತಲ್ಲ, ಅವಸರ ಅಂದ್ಕೊಂಡೆ."

ಮೆಟ್ಟಿಲನ್ನು ಹೇಗೆ ಹತ್ತಿದರೋ ಅವರಿಗೇ ಗೊತ್ತಿಲ್ಲ. ಕೋಣೆಯಲ್ಲಿ ಯಾರೂ ಇರಲಿಲ್ಲ. ತೊಟ್ಟಿಲಲ್ಲಿ ನೆಡ್ ನಿದ್ದೆಯಲ್ಲಿದ್ದ, ಕಟವಾಯಿಯಲ್ಲಿ ಹಾಲು. ಫೀಬಿ ಎತ್ತಿ ಎದೆಗೆ ಹಚ್ಚಿಕೊಂಡಳು. ಅವನು ಮುಖ ತಿರುಗಿಸಿದ. ಬಲವಂತ ಮಾಡಿದರೆ ಹೊಟ್ಟೆ ತುಂಬಿದವನ ಹಾಗೆ ಒಂದು ತೇಗು ತೇಗಿ ಮತ್ತೆ ಮಲಗಿದ.

ನಂಬದಿದ್ದರೆ ಬಿಡಿ. ಫೀಬಿ ಇನ್ನೂ ಗಟ್ಟಿಯಾಗಿದ್ದಾಳೆ, ಹೋಗಿ ಕೇಳಿ. ನನ್ನ ಎರಡೂ ಕೈ ಹಿಡಿದುಕೊಂಡು ಹೇಳಿದ್ದಾಳೆ. ಆ ರಾತ್ರಿ ಕೂಸಿಗೆ ಹಸಿವೇ ಆಗಲಿಲ್ಲ. ಇವಳು ಎದೆನೋವು ತಡೆಯಲಾರದೆ, ಬೆಳಗಾಗುವವರೆಗೂ ಮುಖ ತೊಳೆಯುವ ಬೋಗುಣಿಗೆ ಹಾಲು ಹಿಂಡುತ್ತಾ ಕೂತಿದ್ದಳು.