ಸಮ್ಮಟಿಗೆಯವನ ಗುರುತು

ದೀಪ ಸಣ್ಣ ಮಾಡು. ಇನ್ನೂ ಸ್ವಲ್ಪ... ಹಾಂ, ಸಾಕು. ನಗೋರು ಈಗಲೇ ಎದ್ದು ಹೋಗಿ. ಇದು ಅವರಿವರು ಹೇಳಿದ್ದಲ್ಲ, ನನ್ನ ಚಿಕ್ಕಪ್ಪನ ಮಗನಿಗೆ ಆದದ್ದು. ನನಗೆ ಅಣ್ಣ ಆಗಬೇಕು. ಕಮ್ಮಾರ. ಆಳು ಅಷ್ಟೆತ್ತರ, ಅದಕ್ಕೇ ಗೂಳಿ ಅಂತಿದ್ವಿ.

ಆವತ್ತು ನಡುರಾತ್ರಿ ಆಗಿತ್ತು. ಗುಡ್ಡದ ಹಿಂದಿನಿಂದ ಬಂದವನು ಬಾವಿ ದಾಟ್ತಿದ್ದ. ಮೈಯೆಲ್ಲ ಉರೀತಿತ್ತು. ಸಿಟ್ಟಿಗೆ. ಯಾಕೆ ಸಿಟ್ಟು ಅಂತ ಮೊದಲು ಹೇಳ್ತೀನಿ.

ಕುಲುಮೆಯಲ್ಲಿ ಇಬ್ಬರು ಬೇಕು. ಒಬ್ಬ ಕಾದ ಕಬ್ಬಿಣವನ್ನ ಇಕ್ಕಳದಲ್ಲಿ ಹಿಡಿದು, ಸಣ್ಣ ಸುತ್ತಿಗೆಯಲ್ಲಿ ಟಿಣ್ ಅಂತ ತಟ್ಟಿ ಜಾಗ ತೋರಿಸ್ತಾನೆ. ಇನ್ನೊಬ್ಬ ಅದೇ ಜಾಗಕ್ಕೆ ಸಮ್ಮಟಿಗೆ ಎತ್ತಿ ಧಣ್ ಅಂತ ಬಿಡ್ತಾನೆ. ತೋರಿಸೋನು ಗೂಳಿಯ ತಮ್ಮ. ಹೊಡೆಯೋನು ಗೂಳಿ. ಕೊನೆಗೆ ಗುರುತು ಒತ್ತೋದು ಮಾತ್ರ ತೋರಿಸೋನು. ತಮ್ಮನದು ಒಂದು ಚಂದ್ರ. ಗೂಳಿಯೂ ಕದ್ದುಮುಚ್ಚಿ ಒಂದು ಅಚ್ಚು ಮಾಡಿಟ್ಕೊಂಡಿದ್ದ, ಮೂರು ಗೀರಿನದು. ನನಗೊಬ್ಬಳಿಗೇ ತೋರಿಸಿದ್ದ.

ಪರಂಗಿಗಳು ನಮ್ಮ ಕಾಡಿಗೆ ಬೇಲಿ ಹಾಕಿ, ಒಂದು ಹೊರೆ ಸೌದೆಗೂ ಚೀಟಿ ಕೇಳಿದಾಗ ಜನ ತಿರುಗಿಬಿದ್ದರಲ್ಲ, ಆವಾಗಿನ ಈಟಿಗಳೆಲ್ಲ ಇವರ ಕುಲುಮೆಯವೇ. ದಂಗೆ ಮುರಿದುಬಿತ್ತು. ಈಟಿ ಮೇಲಿನ ಚಂದ್ರ ನೋಡಿ ತಮ್ಮನನ್ನ ನೇಣಿಗೆ ಹಾಕಿದರು. ಗೂಳಿಯನ್ನ ಯಾರೂ ಕೇಳಲೂ ಇಲ್ಲ.

ಬದುಕಿದೆ ಅಂತ ಸುಮ್ಮನಿರಬೇಕಿತ್ತು, ಅಲ್ವಾ? ಇಲ್ಲ. ಹೊಟ್ಟೆಕಿಚ್ಚು. ಸತ್ತ ತಮ್ಮನ ಮೇಲೆ. ಆರು ವರ್ಷ ಊರಿಗೆ ಊರೇ ಚಂದ್ರದ ಈಟಿ, ಚಂದ್ರದ ಈಟಿ ಅಂತ ಪಿಸುಗುಟ್ತಿತ್ತು.

"ತೋಳು ಬಿದ್ದುಹೋಗೋ ಹಾಗೆ ಹೊಡೆದದ್ದು ನಾನು ಕಣೇ," ಅಂತ ನನ್ನ ಹತ್ತಿರ ಹಲ್ಲು ಕಡೀತಿದ್ದ. "ಅವನು ಬರೀ ಟಿಣ್ ಟಿಣ್. ಹೆಸರು ನೋಡು ಯಾರದ್ದು."

"ಸತ್ತವನ ಹತ್ತಿರ ಎಂಥಾ ಪೈಪೋಟಿ ಅಣ್ಣಾ," ಅಂದೆ. ಎರಡು ದಿನ ಮಾತು ಬಿಟ್ಟ.

ಆ ರಾತ್ರಿ ಗುಡ್ಡದ ಹಿಂದೆ ಜನ ಮತ್ತೆ ಸೇರಿದ್ದರು. ಮುಖಂಡ ಗೂಳಿಗೆ ಹೇಳಿದ್ದ, "ಬೆಳಗ್ಗೆಯೊಳಗೆ ಇನ್ನೂ ಹತ್ತು ಈಟಿ ಬೇಕು. ನಿನ್ನ ತಮ್ಮನ ಚಂದ್ರ ಒತ್ತಿಬಿಡು. ಅದಿದ್ರೇನೇ ನಮ್ಮವರಿಗೆ ಧೈರ್ಯ." ಅದಕ್ಕೇ ಆ ಸಿಟ್ಟು.

ಬಾವಿ ದಾಟಿದ. ಕುಲುಮೆಗೆ ಹೊರಗಿನಿಂದ ಅಗುಳಿ ಹಾಕಿತ್ತು. ಒಳಗೆ... ಟಿಣ್.

ನಿಂತ. ಫುಸ್ಸ್... ಫುಸ್ಸ್... ಅದು ತಿದಿ, ಕೆಂಡಕ್ಕೆ ಗಾಳಿ ಊದೋದು. ಮತ್ತೆ ಟಿಣ್.

ಅಗುಳಿ ತೆಗೆದ. ಕೆಂಡ ನಿಗಿನಿಗಿ ಅಂತಿದೆ. ಅಡಿಗಲ್ಲಿನ ಮೇಲೆ ಕಾದ ಕಬ್ಬಿಣ, ಅದನ್ನ ಕಚ್ಚಿಕೊಂಡ ಇಕ್ಕಳ. ಹಿಡಿದವರು ಯಾರೂ ಇಲ್ಲ.

"ಬೇಗ ಅಣ್ಣಾ," ಅಂತು ಕತ್ತಲೆ. "ಆರಿಹೋಗ್ತದೆ."

ಓಡಿಹೋಗ್ತಿದ್ದನಂತೆ. ಕೈ ಕೇಳಲಿಲ್ಲ, ಸಮ್ಮಟಿಗೆ ಎತ್ತಿಬಿಡ್ತು. ಟಿಣ್... ಧಣ್. ಟಿಣ್... ಧಣ್. ಹತ್ತನೇ ಈಟಿ ನೀರಿಗೆ ಬಿದ್ದು ಚುಂಯ್ ಅಂದಾಗ ಗೂಳಿ ತನ್ನ ಅಚ್ಚು ತೆಗೆದ.

"ಇವತ್ತು ಒತ್ತೋದು ನನ್ನದು. ಕೇಳಿಸ್ತಾ?"

ಕತ್ತಲೆ ಅಂತು, "ಒತ್ತು."

"ಜಗಳ ಆಡಿದ್ರೂ ಪರವಾಗಿರಲಿಲ್ಲ," ಅಂದ ನನ್ನ ಹತ್ತಿರ. "ಅಷ್ಟು ಸಲೀಸಾಗಿ ಬಿಟ್ಟುಕೊಟ್ಟನಲ್ಲ, ಅದಕ್ಕೇ ಇನ್ನೂ ಹೊಟ್ಟೆ ಉರೀತು." ಆದರೂ ಒತ್ತಿದ. ಹತ್ತಕ್ಕೆ ಹತ್ತೂ.

ಬೆಳಗ್ಗೆ ಮುಖಂಡ ಬಂದ. ಈಟಿ ತಿರುಗಿಸಿ ನೋಡಿ ಮುಖ ಗಂಟಿಕ್ಕಿದ. "ಚಂದ್ರ ಎಲ್ಲಯ್ಯಾ? ಹೀಗಿರಬೇಕು," ಅಂತ ತನ್ನ ಹಳೇ ಈಟಿ ತೋರಿಸೋಕೆ ಹೋದ... ಅದರ ಮೇಲೆ ಮೂರು ಗೀರು. ಜೊತೆಯವನದು ನೋಡಿದರು. ಅದರಲ್ಲೂ ಮೂರು ಗೀರು. ನಾನು ಅಲ್ಲೇ ಇದ್ದೆ. ಈಟಿ ಎತ್ಕೊಂಡು ಹೋದರು.

ಎರಡೇ ದಿನ, ಈ ದಂಗೆಯೂ ಮುರಿದುಬಿತ್ತು. ಬಿದ್ದವರ ಈಟಿ ಆಯ್ದುಕೊಂಡು ಪರಂಗಿಗಳು ನಮ್ಮ ಬೀದಿಗೆ ಬಂದರು. "ಈ ಗುರುತು ಯಾರದ್ದು?"

ಬೀದಿಯಲ್ಲಿದ್ದವರಲ್ಲಿ ಮೂರು ಗೀರು ಯಾರದ್ದು ಅಂತ ನನಗೊಬ್ಬಳಿಗೇ ಗೊತ್ತು. ಸುಮ್ಮನಿರು ಅಂತ ಅವನ ರಟ್ಟೆ ಹಿಡಿದೆ. ಕೊಡವಿ ಮುಂದೆ ಹೋದ.

"ನಂದು," ಅಂದ.

"ಹಳೆಯವೂ?"

ಆಗಲಾದರೂ ತಮ್ಮನ ಹೆಸರು ಎತ್ತುತ್ತಾನೆ ಅಂದ್ಕೊಂಡೆ.

"ಎಲ್ಲಾ ನಂದೇ."

ಮಾರನೇ ದಿನ ಅವನನ್ನೂ ನೇಣಿಗೆ ಹಾಕಿದರು. ಅವನ ಮೇಲೆ ನನಗಿನ್ನೂ ಕೋಪ ಇದೆ. ಅಳುವೂ ಬರ್ತದೆ.

ಆ ಸಂಜೆ ನಮ್ಮ ಒಲೆ ಹಿಂದೆ ಅಗೆದೆ. ಮೊದಲ ದಂಗೆ ಮುರಿದಾಗ ಚಂದ್ರದ ಒಂದು ಈಟಿ ಹೂತಿಟ್ಟಿದ್ದೆ. ಹೂತದ್ದು ನಾನು, ತೆಗೆದದ್ದೂ ನಾನೇ, ನಡುವೆ ಯಾರೂ ಮುಟ್ಟಿಲ್ಲ. ಒಲೆ ಹಚ್ಚಿ ಮೂರು ದಿನ ಆಗಿತ್ತು, ಮಣ್ಣು ತಣ್ಣಗಿತ್ತು. ಈಟಿ ಮೇಲೆ ಮೂರು ಗೀರು... ಈಗಷ್ಟೇ ಒತ್ತಿದ ಹಾಗೆ ಕೆಂಪಗೆ. ಸುಳ್ಳು ಅನ್ನೋರು ಹತ್ತಿರ ಬನ್ನಿ. ಈ ಹೆಬ್ಬೆರಳು ಮುಟ್ಟಿ ನೋಡಿ. ಆ ಗೀರು ಮುಟ್ಟಿದಾಗ ಚರ್ಮ ಇಲ್ಲೇ ಸುಟ್ಟದ್ದು.