ಬೀಗರೂಟದ ನೆಪ

ಹಾಸನದ ಕ್ಯಾನ್ಸರ್ ಡಾಕ್ಟರ ಕೋಣೆಯ ಹೊರಗೆ ಕುರ್ಚಿಗಳೆಲ್ಲ ತುಂಬಿದ್ದವು. ತಾಯಿಯ ಸರದಿಗೆ ಕಾಯುತ್ತಿದ್ದ ಸ್ನೇಹಲತಾ ಫೋನು ನೋಡುವವಳಂತೆ ಕೂತಿದ್ದರೂ ಅವಳ ಕಿವಿ ಹಿಂದಿನ ಸಾಲಿನ ಮುದುಕರೊಬ್ಬರ ಮತ್ತು ಅವರ ಸೊಸೆಯ ಪಿಸುಮಾತಿನ ಕಡೆಗೇ ಇತ್ತು.

“ಯಾಕಿಂಗೆ ಸೊರಗಿದ್ದೀರಿ ಅಂತ ಡಾಕ್ಟ್ರು ಕೇಳುದ್ರೆ, ಬೀಗರೂಟದಲ್ಲಿ ಬಾಡು ಉಂಡು ಬೇದಿಯಾಯ್ತು ಅನ್ನು.”

“ನೀವು ಬಾಡು ಮುಟ್ಟಿದ್ರಾ ಮಾವ? ಎಲೆ ಮುಂದೆ ಕೂತು ಮಜ್ಜಿಗೆ ಕುಡಿದು ಎದ್ರಿ.”

“ಅದು ಡಾಕ್ಟ್ರಿಗೆ ಗೊತ್ತಾ?”

“ರಕ್ತ ಬೀಳ್ತಾ ಐತೆ ಮಾವ. ಅವರು ಮೊದ್ಲೇ ಹೇಳಿರ್ಲಿಲ್ವಾ? ಮೈ ಕಾಯೋ ಕಣಗಳಿಗೆ ಬ್ರೇಕ್ ಇರ್ತದೆ, ಈ ಇಂಜೆಕ್ಷನ್ನು ಆ ಬ್ರೇಕ್ ಬಿಡಿಸ್ತದೆ ಅಂತ. ಗಡ್ಡೆ ಮೇಲೆ ಬಿದ್ದಂಗೆ ಈಗ ಕರುಳಿನ ಮೇಲೂ ಬಿದ್ದವೆ.”

“ಬೀಳ್ಲಿ ಬಿಡವ್ವ. ಕಳ್ಳನ್ನ ಇಡಿಯೋ ನಾಯಿ ಮನೆಯೋರ್ಗೂ ಒಂದ್ಸಲ ಬಾಯಿ ಆಕ್ತದೆ. ಅಂಗಂತ ಕಟ್ಟಾಕಕ್ಕಾಯ್ತದಾ?”

“ಬೇಗ ಹೇಳಿದ್ರೆ ಇದಕ್ಕೆ ಮದ್ದೈತೆ. ತಡ ಮಾಡಿದ್ರೆ ಕರುಳೇ ತೂತಾಗ್ತದಂತೆ.”

“ಯೋಳಿದ್ರೆ ಇಂಜೆಕ್ಷನ್ ನಿಲ್ಲಿಸ್ಬುಡ್ತಾರೆ ಕಣವ್ವ. ಎದೆ ಗಡ್ಡೆ ಈಗ್ತಾನೆ ಕರಗ್ತಾ ಐತೆ. ನೀನು ಬಾಯಿ ಬಿಟ್ಟೆ ಅಂದ್ರೆ ನನ್ನಾಣೆ.”



“ಮಲ್ಲಿಪಟ್ಟಣದ ಮಾದಯ್ಯ!” ಎಂದು ನರ್ಸ್ ಕೂಗಿದಳು.

ಮುದುಕರು ದಡಬಡಿಸಿ ಎದ್ದರು. ಪಂಚೆ ಮುದುರಿ ಹಿಡಿದುಕೊಂಡು ಡಾಕ್ಟರ ಕೋಣೆಯನ್ನು ದಾಟಿ, ಅದರಾಚೆಯ ಶೌಚಾಲಯದೊಳಗೆ ನುಗ್ಗಿ ಬಾಗಿಲು ಹಾಕಿಕೊಂಡರು. ಸೊಸೆ ಒಂದು ಗಳಿಗೆ ಆ ಬಾಗಿಲನ್ನೇ ನೋಡುತ್ತ ನಿಂತಳು. ಆಮೇಲೆ ಸೆರಗು ಬಿಗಿದುಕೊಂಡು ಡಾಕ್ಟರ ಕೋಣೆಗೆ ಒಬ್ಬಳೇ ಹೋದಳು.